ತಡ್ಪೆಗೆ ಸುರಿದ ತೋಟೆಗಳು

ಮೊದಲೇ ಹೇಳಿಬಿಡುತ್ತೇನೆ, ನಾನು ಒಳ್ಳೆಯ ಗುರಿಗಾರ್ತಿ ಅಲ್ಲ. ಇಪ್ಪತ್ತು ವರ್ಷ ಪಿಸ್ತೂಲುಗಳ ಪಕ್ಕದಲ್ಲೇ ಕೂತು ಕೆಲಸ ಮಾಡಿದರೂ ನನ್ನ ಹೆಸರಿನಲ್ಲಿ ಒಂದು ಪದಕ ಇಲ್ಲ. ಗುರಿ ಹೊಡೆಯುವುದು ಬೇರೆಯವರ ಕೆಲಸ. ಅವರು ಪಂದ್ಯಕ್ಕೆ ಒಯ್ಯುವ ತೋಟೆಗಳನ್ನು ಪರೀಕ್ಷೆ ಮಾಡಿ, ‘ಇದು ಆಗಬಹುದು’, ‘ಇದು ಬೇಡ’ ಎಂದು ಬರೆದು ಕೆಳಗೆ ಸಹಿ ಹಾಕುವುದು ನನ್ನ ಕೆಲಸ. ಈಗ ನಿವೃತ್ತಳಾಗಿದ್ದೇನೆ. ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ಯಂತ್ರಗಳ ಪುಸ್ತಕ ಸಿಗುತ್ತದೆ. ಸಹಿ ಹಾಕಿದ ಮೇಲೆ ಹೊಟ್ಟೆಯೊಳಗೆ ಏನಾಗುತ್ತದೆ ಎಂಬುದು ಅದರಲ್ಲಿ ಇಲ್ಲ. ಅದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ನನ್ನ ಹೆಸರು ಝುಬೈದಾ. ಮನೆ ಪುತ್ತೂರಿನ ದರ್ಬೆಯಲ್ಲಿ. ವಿದ್ಯೆ ಬಿ.ಎಸ್ಸಿ. ನಮ್ಮ ಕುಟುಂಬದಲ್ಲಿ ಹೆಸರಿನ ಮುಂದೆ ಡಿಗ್ರಿ ಬರೆದುಕೊಂಡ ಮೊದಲನೆಯವಳು ನಾನು. ಇದನ್ನು ಎಲ್ಲಿ ಬೇಕಾದರೂ ಹೇಳುತ್ತೇನೆ, ಸಂಕೋಚ ಇಲ್ಲ. ಮಾವಂದಿರು ಗಲ್ಫಿಗೆ ಹೋದರು, ಚಿಕ್ಕಪ್ಪಂದಿರು ಅಂಗಡಿ ಇಟ್ಟರು, ನನ್ನ ಉಮ್ಮ, ಅಂದರೆ ತಾಯಿ, ತಡ್ಪೆಯ ಮುಂದೆ ಕೂತರು. ತಡ್ಪೆ ಎಂದರೆ ಅಕ್ಕಿ ಗೇರುವ ಬೆತ್ತದ ಮೊರ. ನಮ್ಮ ಕಡೆ ಹೆಂಗಸರು ಅದನ್ನು ತೊಡೆಯ ಮೇಲಿಟ್ಟುಕೊಂಡು, ಅದರಲ್ಲಿ ಎಲೆ, ಹೊಗೆಸೊಪ್ಪು, ನೂಲು ಹರಡಿಕೊಂಡು ಬೀಡಿ ಕಟ್ಟುತ್ತಾರೆ. ನನ್ನ ಡಿಗ್ರಿ ಆ ತಡ್ಪೆಯಿಂದ ಬಂದದ್ದು. ಸರ್ಟಿಫಿಕೇಟನ್ನು ಚೌಕಟ್ಟು ಹಾಕಿಸಿ ತಂದಾಗ ಉಮ್ಮ ಅದನ್ನು ತಾನು ಬೀಡಿ ಕಟ್ಟುವ ಜಾಗದ ಎದುರಿನ ಗೋಡೆಗೇ ಹೊಡೆಸಿದರು. “ತಲೆ ಎತ್ತಿದ್ರೆ ಕಾಣ್ಬೇಕು” ಅಂದರು.

ಡಿಗ್ರಿ ಮುಗಿಸಿ ಒಂದು ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ಸಹಾಯಕಿಯಾಗಿ ಸೇರಿದೆ. ಹದಿನೆಂಟು ವರ್ಷ ತಕ್ಕಡಿ ಒರೆಸಿದೆ. ಒಂದು ದಿನ ದಪ್ಪ ಮೀಸೆಯ ಒಬ್ಬರು ಬಂದು ಪ್ರಿನ್ಸಿಪಾಲರ ಚೀಟಿ ತೋರಿಸಿದರು. ಸೈನ್ಯದಿಂದ ನಿವೃತ್ತರಾದ ಸುಬೇದಾರ್ ಚೆನ್ನಪ್ಪ ಗೌಡರು. ಸುಳ್ಯದ ಆಲೆಟ್ಟಿಯಲ್ಲಿ ಕೆಲಸ ನಿಂತುಹೋದ ಒಂದು ಕೆಂಪುಕಲ್ಲಿನ ಕೋರೆಯಲ್ಲಿ ಶೂಟಿಂಗ್ ಕ್ಲಬ್ ಶುರು ಮಾಡಿದ್ದರು. ಮೂರು ಕಡೆ ಎತ್ತರದ ಕಲ್ಲಿನ ಗೋಡೆ, ಒಂದು ಕಡೆ ದಾರಿ. ದೇವರೇ ಪಿಸ್ತೂಲಿಗೆಂದು ಕಡಿದಿಟ್ಟ ಹಾಗಿತ್ತು ಆ ಜಾಗ. ಅವರು ಜೇಬಿನಿಂದ ಹನ್ನೆರಡು ಖಾಲಿ ಹಿತ್ತಾಳೆ ಚಿಪ್ಪು ತೆಗೆದು ಮೇಜಿನ ಮೇಲಿಟ್ಟರು.

“ಇದ್ರಲ್ಲಿ ಒಂದು ಬೇರೆ ಉಂಟು. ಯಾವುದು ಹೇಳಿ.”

ನಾನು ಒಂದೊಂದನ್ನೇ ತೂಗಿ ಬರೆದೆ. ಎರಡನೇ ಸಲವೂ ತೂಗಿದೆ. ಅರ್ಧ ಗಂಟೆ ಆಯಿತು.

“ಸರ್, ಹನ್ನೆರಡೂ ಬೇರೆ ಬೇರೆ” ಅಂದೆ.

“ಎರಡು ಕಾಲೇಜಿಗೆ ಹೋಗಿ ಬಂದೆ. ಒಬ್ರು ಏಳನೇದು ಅಂದ್ರು, ಒಬ್ರು ಎಲ್ಲ ಒಂದೇ ಅಂದ್ರು. ನೀವು ಸೋಮವಾರದಿಂದ ಬನ್ನಿ.”

ನನ್ನ ಇಂಟರ್‌ವ್ಯೂ ಇಷ್ಟೇ.

ಮನೆಯಲ್ಲಿ ಹೇಳಿದಾಗ ನಗಬೇಕೋ ಅಳಬೇಕೋ ಯಾರಿಗೂ ಗೊತ್ತಾಗಲಿಲ್ಲ. ಪಕ್ಕದ ಮನೆಯವರು ನಾನು ಗರ್ನಾಲು ಪಟಾಕಿ ಮಾಡುವ ಕಾರ್ಖಾನೆಗೆ ಸೇರಿದ್ದೇನೆ ಎಂದು ಊರಿಗೆಲ್ಲ ಹೇಳಿದರು. ಲೈಸನ್ಸಿನ ವಿಚಾರಣೆಗೆ ಬಂದ ಪೊಲೀಸರು ಚಾ ಕುಡಿದು, “ನಿಮಗೆ ಹೆದರಿಕೆ ಆಗುದಿಲ್ವಾ?” ಎಂದು ಕೇಳಿದರು. ಉಮ್ಮ ಎಲೆ ಕತ್ತರಿಸುತ್ತಲೇ, “ಅವಳು ಹೆದರುದು ಹಲ್ಲಿಗೆ ಮಾತ್ರ” ಅಂದರು. ಅವರು ಅದನ್ನೂ ಬರೆದುಕೊಂಡರೋ ಏನೋ.

ಕೆಲಸ ಏನೆಂದು ಸ್ವಲ್ಪ ಹೇಳಬೇಕು. ತೋಟೆಯಲ್ಲಿ ಇರುವುದು ನಾಲ್ಕೇ ವಸ್ತು: ಹಿತ್ತಾಳೆಯ ಚಿಪ್ಪು, ಅದರ ಬುಡದಲ್ಲಿ ಕಿಡಿ ಕೊಡುವ ಕೇಪು, ಒಳಗೆ ಮದ್ದು, ಬಾಯಿಯಲ್ಲಿ ಸೀಸದ ಗುಂಡು. ಅಂಗಡಿಯಲ್ಲಿ ಸಿಗುವ ತೋಟೆ ಎಲ್ಲ ಪಿಸ್ತೂಲಿಗೂ ಒಂದೇ ಅಳತೆಯದ್ದು. ಪಂದ್ಯಕ್ಕೆ ಹೋಗುವವರಿಗೆ ಅದು ಸಾಲದು. ತಮ್ಮ ಪಿಸ್ತೂಲಿಗೆ ಹೊಂದುವ ಹಾಗೆ ಕೈಯಲ್ಲೇ ತುಂಬಿಸಿಕೊಳ್ಳುತ್ತಾರೆ. ಅದಕ್ಕೆ ಪರವಾನಗಿ ಬೇಕು, ಕ್ಲಬ್ಬಿಗೆ ಇತ್ತು. ತುಂಬುವವರು ಲೋಕಯ್ಯಣ್ಣ, ದರ್ಬೆಯಲ್ಲಿ ವಾಚ್ ರಿಪೇರಿ ಮಾಡುತ್ತಿದ್ದವರು. ಜನ ಮೊಬೈಲಿನಲ್ಲಿ ಸಮಯ ನೋಡಲು ಶುರು ಮಾಡಿದ ಮೇಲೆ ಅವರ ಅಂಗಡಿಗೆ ನೊಣ ಮಾತ್ರ ಬರುತ್ತಿತ್ತು. ಸುಬೇದಾರರು ಆ ಬೆರಳುಗಳನ್ನು ನೋಡಿ ಕರೆದುಕೊಂಡು ಬಂದರು.

ನಾನೂ ಅವರೂ ಬೆಳಿಗ್ಗೆ ಒಂದೇ ಬಸ್ಸಿನಲ್ಲಿ ಸುಳ್ಯಕ್ಕೆ ಹೋಗುತ್ತಿದ್ದೆವು. ದಾರಿಯಲ್ಲಿ ಕೆಲಸದ ಮಾತು. “ನಿನ್ನೆಯ ಮದ್ದು ಸರಿ ಆಗ್ಲಿಲ್ಲ ಲೋಕಯ್ಯಣ್ಣ.” “ಗುಂಡು ಸ್ವಲ್ಪ ಮೇಲೆ ಕೂತಿತ್ತು, ಇವತ್ತು ಒತ್ತಿ ನೋಡುವ.” ಒಮ್ಮೆ ಎದುರು ಸೀಟಿನ ಹೆಂಗಸು ಮಗುವನ್ನು ಎತ್ತಿಕೊಂಡು ಡ್ರೈವರಿನ ಹತ್ತಿರ ಹೋಗಿ ನಿಂತರು. ಕಂಡಕ್ಟರ್ ಬಂದು, “ನೀವಿಬ್ರು ಬಸ್ಸಿನಲ್ಲಿ ಅಡಿಗೆ ವಿಷಯ ಮಾತಾಡಿ ಮಾರಾಯ್ರೆ, ನನಗೆ ಜನ ಹತ್ತುದಿಲ್ಲ” ಅಂದ. ಅಂದಿನಿಂದ ಮದ್ದಿಗೆ ‘ಮೆಣಸು’ ಎಂದೂ ಗುಂಡಿಗೆ ‘ಕಡುಬು’ ಎಂದೂ ಹೇಳತೊಡಗಿದೆವು.

ಶುರುವಿನಲ್ಲಿ ನಮ್ಮ ಪರೀಕ್ಷೆ ಎಂದರೆ ಸುಬೇದಾರರ ಕಿವಿ. ಹಲಸಿನ ಹಲಗೆಗೆ ಒಂದು ಹಾರಿಸಿ, ಎಷ್ಟು ಆಳ ಹೋಯಿತೆಂದು ಕಡ್ಡಿ ಹಾಕಿ ನೋಡಿ, “ಶಬ್ದ ಸ್ವಲ್ಪ ಸೊಂಟ ನೋವಿನವರ ಹಾಗೆ ಉಂಟು, ಬೇಡ” ಅನ್ನುತ್ತಿದ್ದರು. ಅವರ ಕಿವಿ ಹೆಚ್ಚು ಸಲ ಸರಿಯೇ ಇರುತ್ತಿತ್ತು. ಆದರೆ ಸೊಂಟ ನೋವನ್ನು ರಿಜಿಸ್ಟರಿನ ಯಾವ ಕಾಲಮಿನಲ್ಲಿ ಬರೆಯುವುದು? ನಾನು ಹಠ ಮಾಡಿದ್ದರಿಂದ ವೇಗ ಅಳೆಯುವ ಯಂತ್ರ ಬಂತು. ಪಿಸ್ತೂಲಿನ ಮುಂದೆ ಇಡುವ ಒಂದು ಪೆಟ್ಟಿಗೆ. ಗುಂಡು ಅದರ ಮೇಲೆ ಹಾದುಹೋಗುವಾಗ ಬೀಳುವ ನೆರಳನ್ನು ಹಿಡಿದು ಸಂಖ್ಯೆ ತೋರಿಸುತ್ತದೆ. ಮೊದಲ ವಾರದಲ್ಲೇ ಒಂದು ಸಂಖ್ಯೆ ಬಂತು, ಗುಂಡು ಸೈಕಲ್ಲಿಗಿಂತ ನಿಧಾನವಾಗಿ ಹೋದ ಲೆಕ್ಕ. ಯಂತ್ರ ಸುಳ್ಳು ಹೇಳುವುದಿಲ್ಲ ಎಂಬ ಭಕ್ತಿಯಿಂದ ನಾನು ಅದನ್ನು ಕೆಂಪು ಶಾಯಿಯಲ್ಲಿ ಬರೆದು ಲೋಕಯ್ಯಣ್ಣನನ್ನು ವಿಚಾರಣೆಗೆ ಕರೆದೆ.

ಅವರು ಪುಸ್ತಕ ನೋಡಿದರು, ಯಂತ್ರ ನೋಡಿದರು, ಆಮೇಲೆ ಅದರ ಮೇಲೆ ಕೂತಿದ್ದ ಒಂದು ಏರೋಪ್ಲೇನ್ ಚಿಟ್ಟೆಯನ್ನು ನೋಡಿದರು.

“ನಾನು ತುಂಬಿದ್ದು ಇದನ್ನಲ್ಲ” ಅಂದರು.

ಆ ಪುಟ ಈಗಲೂ ಇದೆ. ಹರಿಯಲು ನಾನು ಬಿಡಲಿಲ್ಲ. ಹೊಸಬರಿಗೆ ಮೊದಲ ದಿನ ಅದನ್ನೇ ತೋರಿಸುತ್ತಿದ್ದೆ. ಸಂಖ್ಯೆ ಬರೆಯುವ ಮೊದಲು ಒಮ್ಮೆ ತಲೆ ಎತ್ತಿ ನೋಡಿ.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ತೋಟೆ ಪರೀಕ್ಷಿಸುವಾಗ ಪಿಸ್ತೂಲನ್ನು ಕೈಯಲ್ಲಿ ಹಿಡಿಯುವುದಿಲ್ಲ, ಕಬ್ಬಿಣದ ಹಿಡಿಕೆಗೆ ಬಿಗಿಯುತ್ತೇವೆ. ಕೈ ನಡುಗಿದ್ದು ಯಾವುದು, ತೋಟೆಯ ದೋಷ ಯಾವುದು ಎಂಬ ಗೊಂದಲ ಬೇಡವೆಂದು. ನಮ್ಮ ಹಿಡಿಕೆಯನ್ನು ಕೋರೆಯದ್ದೇ ಕೆಂಪುಕಲ್ಲು ಕಟ್ಟಿ ಅದರ ಮೇಲೆ ಕೂರಿಸಿದ್ದೆವು. ಒಂದು ಮಳೆಗಾಲದಲ್ಲಿ ಗುರಿಹಾಳೆಯ ತೂತುಗಳೆಲ್ಲ ದಿನದಿಂದ ದಿನಕ್ಕೆ ಎಡಕ್ಕೆ ಸರಿಯತೊಡಗಿದವು. ಎರಡು ವಾರ ಲೋಕಯ್ಯಣ್ಣನಿಗೆ ಗುಂಡು ಓರೆ ಕೂರಿಸುತ್ತೀರಿ ಎಂದು ಹೇಳಿದೆ. ಅವರು ಬಸ್ಸಿನಲ್ಲಿ ಬೇರೆ ಸೀಟಿನಲ್ಲಿ ಕೂರತೊಡಗಿದರು. ಕೊನೆಗೆ ಸುಬೇದಾರರು ಕಲ್ಲಿನ ಮೇಲೆ ಚಾದ ಗ್ಲಾಸು ಇಟ್ಟರು. ಗ್ಲಾಸಿನಲ್ಲಿ ಚಾ ಓರೆಯಾಗಿ ನಿಂತಿತ್ತು. ನೀರು ಕುಡಿದ ಮಣ್ಣು ಕುಸಿದು ಕಟ್ಟೆಯೇ ವಾಲಿತ್ತು.

ಮರುದಿನ ಬಸ್ಸಿನಲ್ಲಿ ನಾನೇ ಅವರ ಸೀಟಿಗೆ ಹೋಗಿ, “ಲೋಕಯ್ಯಣ್ಣ, ಕಡುಬು ಸರಿಯೇ ಉಂಟು, ಒಲೆ ಓರೆ” ಅಂದೆ.

“ಪದವೀಧರರಿಗೆ ಗೊತ್ತಾಗ್ಲಿಕ್ಕೆ ಎರಡು ವಾರ ಬೇಕಾ?” ಅಂದರು. ಆದರೂ ಕಿಟಕಿಯ ಕಡೆ ಸರಿದು ಜಾಗ ಕೊಟ್ಟರು.

ಈ ಕೆಲಸದಲ್ಲಿ ನಿಜವಾಗಿ ಹೆದರಬೇಕಾದದ್ದು ಜೋರು ಶಬ್ದಕ್ಕಲ್ಲ, ಸಣ್ಣ ಶಬ್ದಕ್ಕೆ. ತೋಟೆಯಲ್ಲಿ ಮದ್ದು ತೀರ ಕಡಿಮೆಯಾದರೆ ‘ಟುಸ್’ ಅನ್ನುತ್ತದೆ, ಗುಂಡು ಹೊರಗೆ ಬರದೆ ನಳಿಗೆಯೊಳಗೇ ಸಿಕ್ಕಿಕೊಳ್ಳುತ್ತದೆ. ಅದರ ಹಿಂದೆ ಇನ್ನೊಂದು ಹಾರಿಸಿದರೆ ನಳಿಗೆ ಒಡೆಯಬಹುದು. ಆಗ ಹೋಗುವುದು ಕೈ. ಹಾಗಾಗಿ ಕ್ಲಬ್ಬಿಗೆ ಹೊಸದಾಗಿ ಬಂದವರನ್ನು ನಿಲ್ಲಿಸಿ, ಮದ್ದು ಗುಂಡು ಎರಡೂ ಇಲ್ಲದ, ಬರೀ ಕೇಪು ಇರುವ ಚಿಪ್ಪನ್ನು ನಾನು ಹೊಡೆದು ಕೇಳಿಸುತ್ತಿದ್ದೆ. “ಈ ಶಬ್ದ ಬಂದ್ರೆ ಮದುವೆ ಮನೆಯಲ್ಲಿದ್ರೂ ಕೈ ಇಳಿಸ್ಬೇಕು” ಎಂದು ಹೇಳುತ್ತಿದ್ದೆ. ಅವರು ಅದಕ್ಕೆ ‘ಝುಬೈದಕ್ಕನ ಪಟಾಕಿ’ ಎಂದು ಹೆಸರಿಟ್ಟು ನಗುತ್ತಿದ್ದರು. ನಗಲಿ, ಕಿವಿಯಲ್ಲಿ ಉಳಿಯುತ್ತದಲ್ಲ.

ಹೆಚ್ಚು ನಗುತ್ತಿದ್ದವಳು ಹೇಮಾವತಿ. ಕಡಬದ ಪೆರಾಬೆಯವಳು, ಶಾಲೆಯಲ್ಲಿ ಪಿ.ಟಿ. ಟೀಚರು. ಕೊರಳಲ್ಲಿ ಸದಾ ಒಂದು ಸೀಟಿ. ಅರೆಭಾಷೆ ಮಾತಾಡುವ ಗೌಡರ ಮನೆಯ ಹುಡುಗಿ, ತಂದೆಯ ಕೋವಿ ಒರೆಸುತ್ತಾ ಬೆಳೆದವಳು. ಮೂವತ್ತಾರನೇ ವಯಸ್ಸಿನಲ್ಲಿ ಪಿಸ್ತೂಲು ಹಿಡಿದು ನಾಲ್ಕು ವರ್ಷದಲ್ಲಿ ಕ್ಲಬ್ಬಿನ ಗಂಡಸರನ್ನೆಲ್ಲ ಹಿಂದೆ ಹಾಕಿದಳು. ರಾಜ್ಯ ತಂಡಕ್ಕೆ ಸೇರಬೇಕೆಂಬುದು ಅವಳ ಒಂದೇ ಆಸೆ.

“ನನ್ನ ಕಣ್ಣಿಗೆ ಇನ್ನು ಎರಡು ವರ್ಷ ಉಂಟು ಝುಬೈದಕ್ಕ. ಮತ್ತೆ ಚಾಳೀಸು ಬರ್ತದೆ. ಚಾಳೀಸು ಬಂದವರಿಗೆ ಪಿಸ್ತೂಲಿನ ತುದಿ ಬೆಕ್ಕಿನ ಮರಿಯ ಹಾಗೆ ಕಾಣ್ತದಂತೆ” ಎಂದು ನಗುತ್ತಾ ಹೇಳಿದ್ದಳು. ಆಯ್ಕೆಯ ಪಂದ್ಯ ವರ್ಷಕ್ಕೊಂದೇ, ಎರಡು ವರ್ಷ ಎಂದರೆ ಎರಡು ಪಂದ್ಯ.

ಮೊದಲನೇ ಪಂದ್ಯಕ್ಕೆ ಅವಳಿಗೆ ಮುನ್ನೂರು ತೋಟೆ ಬೇಕಿತ್ತು. ಅಷ್ಟು ದೊಡ್ಡ ಲಾಟನ್ನು ನಾವು ಅದುವರೆಗೆ ಒಂದೇ ಸಲಕ್ಕೆ ತುಂಬಿರಲಿಲ್ಲ. ಲೋಕಯ್ಯಣ್ಣ ಬೆಳಿಗ್ಗೆ ಕೂತವರು ಸಂಜೆಗೆ ಎದ್ದರು. ತುಂಬಿದ್ದನ್ನೆಲ್ಲ ಒಂದೊಂದಾಗಿ ಬಿಸ್ಕತ್ತಿನ ಒಂದು ದೊಡ್ಡ ಡಬ್ಬಿಗೆ ಹಾಕುತ್ತಾ ಹೋಗಿದ್ದರು. ನಾನು ಅದರಲ್ಲಿ ಇಪ್ಪತ್ತು ತೆಗೆದು ಪರೀಕ್ಷೆ ಮಾಡಬೇಕು.

ನಾನು ತೆಗೆದದ್ದು ಡಬ್ಬಿಯ ತಳದಿಂದ. ಯಾವಾಗಲೂ ಹಾಗೇ. ಅದಕ್ಕೆ ಕಾರಣ ಉಂಟು. ಉಮ್ಮ ಕಟ್ಟಿದ ಬೀಡಿಯನ್ನು ಕಂಪೆನಿಯ ಬ್ರಾಂಚಿಗೆ ಕೊಡಲು ಹೋಗುವಾಗ ಚಿಕ್ಕವಳಾದ ನಾನೂ ಜೊತೆಗೆ ಹೋಗುತ್ತಿದ್ದೆ. ಅಲ್ಲಿ ಚೆಕರ್ ಒಬ್ಬ ಕಟ್ಟುಗಳನ್ನು ಎತ್ತಿ ನೋಡಿ, ಸರಿಯಿಲ್ಲದ್ದನ್ನು ಮುರಿದು ಬಿಸಾಡುತ್ತಿದ್ದ. ಅವನು ತೆಗೆಯುತ್ತಿದ್ದದ್ದು ಮೇಲಿನಿಂದ. ಅದು ಗೊತ್ತಿದ್ದ ಹೆಂಗಸರು ಚಂದದ ಕಟ್ಟುಗಳನ್ನು ಮೇಲೆ ಜೋಡಿಸುತ್ತಿದ್ದರು. ಜ್ವರದಲ್ಲಿ ಕಟ್ಟಿದ್ದು, ಮಗುವಿಗೆ ಹಾಲು ಕೊಡುತ್ತಾ ಕಟ್ಟಿದ್ದು ಎಲ್ಲ ತಳಕ್ಕೆ. ನಮ್ಮ ಉಮ್ಮನೂ ಅಷ್ಟೇ. ಆದ್ದರಿಂದ ನಾನೇ ಚೆಕರ್ ಆದ ದಿನ, ನನ್ನನ್ನು ಯಾರೂ ಹಾಗೆ ಮಂಗ ಮಾಡಬಾರದೆಂದು ತೀರ್ಮಾನಿಸಿದ್ದೆ. ಕೈ ಹಾಕಿದರೆ ತಳಕ್ಕೇ.

ಇಪ್ಪತ್ತೂ ಚಂದ ಬಂದವು. ವೇಗದಲ್ಲಿ ಹೆಚ್ಚು ಕಡಿಮೆ ಇಲ್ಲ, ತೂತುಗಳೆಲ್ಲ ಒಂದು ಅಡಿಕೆಯ ಅಗಲದೊಳಗೆ. ಸಹಿ ಹಾಕಿದೆ. ಡಬ್ಬಿಯಿಂದ ತೆಗೆದು ನಂಬರು ಹಾಕಿದ ಪೆಟ್ಟಿಗೆಗಳಿಗೆ ತುಂಬಿ ಕೊಟ್ಟೆ. ಹೇಮಾವತಿ ಸೀಟಿ ಊದಿ ಹೊರಟಳು.

ಪಂದ್ಯದ ದಿನ ಮಧ್ಯಾಹ್ನ ಅವಳ ಫೋನು ಬಂತು.

“ಝುಬೈದಕ್ಕ, ನಿಮ್ಮ ಪಟಾಕಿ ಕೇಳಿತು.”

ನನ್ನ ಕೈಯಲ್ಲಿದ್ದ ಪೆನ್ನು ಎಲ್ಲಿಗೆ ಹೋಯಿತೋ. “ಮುಂದಿನದ್ದು ಹೊಡೆದಿಯಾ?”

“ಇಲ್ಲ. ಕೈ ತನ್ನಿಂದ ತಾನೇ ಇಳಿಯಿತು.”

“ಕೈ ಉಂಟಾ?”

“ಎರಡೂ ಉಂಟು. ಸೆಲೆಕ್ಷನ್ ಇಲ್ಲ.”

ಮೊದಲ ಸುತ್ತು ಅವಳು ಬಹಳ ಚೆನ್ನಾಗಿ ಹೊಡೆದಿದ್ದಳಂತೆ. ಅಧಿಕಾರಿಗಳು ಬೇರೆ ಪಿಸ್ತೂಲು ತೆಗೆದುಕೊಂಡು ಮುಂದುವರಿಸಬಹುದು ಅಂದರು. ಆದರೆ ತೋಟೆ ಇದ್ದದ್ದು ಅದೇ ಲಾಟಿನದ್ದು. ಅದನ್ನು ಇನ್ನು ಹಾರಿಸುವುದಿಲ್ಲ ಎಂದು ಅವಳೇ ಬರೆದುಕೊಟ್ಟು ಹೊರಗೆ ಬಂದಿದ್ದಳು. ಬೈದಿದ್ದರೆ ಸುಲಭ ಆಗುತ್ತಿತ್ತು. ಬೈಯಲಿಲ್ಲ. “ಬಸ್ಸಿಗೆ ಹೊತ್ತಾಯ್ತು, ಇಡ್ತೇನೆ” ಅಂದಳು.

ಎರಡು ದಿನ ಬಿಟ್ಟು ಉಳಿದ ತೋಟೆಗಳನ್ನೆಲ್ಲ ವಾಪಸು ತಂದಳು. ನಾನು ಎಣಿಸಿ ನೋಡಿದೆ.

“ಒಂದು ಕಡಿಮೆ ಉಂಟಲ್ಲ?”

“ಟುಸ್ ಆದ ಮೇಲೆ ಹೊಡೀಬೇಕಾಗಿದ್ದದ್ದು. ಅದು ನನ್ನ ಪೆಟ್ಟಿಗೆಯಲ್ಲಿ ಬೀಗ ಹಾಕಿ ಉಂಟು. ಇರ್ಲಿ” ಅಂದಳು. ತೋಟೆ ಅವಳ ಲೈಸನ್ಸಿನದ್ದು, ಇಟ್ಟುಕೊಳ್ಳುವ ಹಕ್ಕು ಅವಳಿಗಿತ್ತು. ನಾನು ರಿಜಿಸ್ಟರಿನಲ್ಲಿ ಅದಕ್ಕೊಂದು ಸಾಲು ಬರೆದು ಫಲಿತಾಂಶದ ಜಾಗ ಖಾಲಿ ಬಿಟ್ಟೆ.

ನಾನೂ ಲೋಕಯ್ಯಣ್ಣನೂ ಕೂತು ಒಂದೊಂದನ್ನೇ ಬಿಚ್ಚಿ ಒಳಗಿನ ಮದ್ದು ತೂಗಿದೆವು. ಕೊನೆಯ ನಂಬರಿನ ಪೆಟ್ಟಿಗೆಗಳೆಲ್ಲ ಸರಿ. ಒಂದನೇ ನಂಬರಿನದ್ದರಲ್ಲಿ ಗೊಂದಲ. ಒಂದರಲ್ಲಿ ಕಡಿಮೆ, ಮೂರರಲ್ಲಿ ಸರಿ, ಮತ್ತೊಂದರಲ್ಲಿ ತೀರ ಕಡಿಮೆ. ಆಗ ನನಗೆ ಹೊಳೆಯಿತು. ಡಬ್ಬಿಯಿಂದ ಪೆಟ್ಟಿಗೆಗೆ ತುಂಬುವಾಗ ಮೇಲಿನದ್ದೇ ಮೊದಲು ಬರುತ್ತದೆ. ಮೇಲಿದ್ದದ್ದು ಲೋಕಯ್ಯಣ್ಣ ಸಂಜೆ ತುಂಬಿದ್ದು. ಮಧ್ಯಾಹ್ನ ಮಳೆ ಹಿಡಿದಿತ್ತು, ಗಾಳಿಯ ಪಸೆಗೆ ಮದ್ದು ಅಳತೆಯ ಕೊಳವೆಗೆ ಅಂಟಿಕೊಂಡಿತ್ತು, ಕರೆಂಟು ಹೋಗಿ ಚಿಪ್ಪಿನೊಳಗೆ ಇಣುಕಿ ನೋಡುವ ಬೆಳಕೂ ಇರಲಿಲ್ಲ. ನಾನು ಪರೀಕ್ಷೆ ಮಾಡಿದ್ದು ಬಿಸಿಲಿದ್ದ ಬೆಳಿಗ್ಗೆಯ ಇಪ್ಪತ್ತನ್ನು. ಅವರು ನನ್ನನ್ನು ಮಂಗ ಮಾಡಿರಲಿಲ್ಲ. ನಾನೇ ಮಾಡಿಕೊಂಡಿದ್ದೆ.

ಲೋಕಯ್ಯಣ್ಣ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಬೆಳಕಿಲ್ಲದೆ ಕೂತದ್ದು ನಾನು. ನಾಳೆಯಿಂದ ಬರುದಿಲ್ಲ.”

ಸುಬೇದಾರರು ಬಾಗಿಲಲ್ಲಿ ನಿಂತಿದ್ದರು. “ತುಂಬಿದವನು ತಪ್ಪುತ್ತಾನೆ ಅಂತಲೇ ಪರೀಕ್ಷೆಗೆ ಒಬ್ಬರನ್ನು ಇಟ್ಟದ್ದು. ಸಹಿ ಯಾರದ್ದು?”

“ನನ್ನದು ಸರ್. ರಾಜೀನಾಮೆ ಬರೀತೇನೆ.”

“ಬರೀರಿ. ಇನ್ನೂ ಎರಡು ಪೆಟ್ಟಿಗೆ ಉಂಟಲ್ಲ, ಅದನ್ನು ಬಿಚ್ಚುದು ಯಾರು? ಮೊದಲು ಅದು ಮುಗಿಸಿ.”

ಮುಗಿಸುವಷ್ಟರಲ್ಲಿ ನನ್ನ ರಾಜೀನಾಮೆ ಆರಿ ಹೋಗಿತ್ತು. ಮೇಲಧಿಕಾರಿ ಎಂದರೆ ಹೀಗಿರಬೇಕು. ತಪ್ಪು ಯಾರದ್ದೆಂದು ಎರಡು ಮಾತಿನಲ್ಲಿ ಹೇಳಿಬಿಡಬೇಕು, ಆಮೇಲೆ ಕೆಲಸ ಕೊಡಬೇಕು.

ಮನೆಗೆ ಬಂದು ಉಮ್ಮನಿಗೆ ಹೇಳಿದೆ. ಆಗ ಅವರಿಗೆ ಎಂಬತ್ತು ದಾಟಿತ್ತು, ಬೀಡಿ ಬಿಟ್ಟು ಬಹಳ ವರ್ಷವಾಗಿತ್ತು. ಎಲ್ಲ ಕೇಳಿ ಬೊಚ್ಚು ಬಾಯಲ್ಲಿ ನಕ್ಕರು.

“ಮೋಲೇ, ಮೇಲಿಂದ ತೆಗೆದವನನ್ನೂ ಮೋಸ ಮಾಡ್ಬಹುದು, ಅಡಿಯಿಂದ ತೆಗೆದವನನ್ನೂ ಮಾಡ್ಬಹುದು. ನೀನು ಕಾಲೇಜಿಗೆ ಹೋದ ಮೇಲೆ ಒಬ್ಬ ಹೊಸ ಚೆಕರ್ ಬಂದಿದ್ದ. ಅವ ಎಲ್ಲವನ್ನೂ ತಡ್ಪೆಗೆ ಸುರಿಸ್ತಿದ್ದ. ಹೀಗೆ ಹೀಗೆ ಕಲಸಿ, ಆಚೆ ಮುಖ ಮಾಡಿ ಕೈ ಹಾಕ್ತಿದ್ದ. ಅವನ ಹತ್ತಿರ ನಮ್ಮದು ಎಂತದೂ ನಡೀಲಿಲ್ಲ.”

“ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ ಉಮ್ಮ?”

“ನೀನು ಡಿಗ್ರಿ ಮಾಡಿದವಳು, ಗೊತ್ತಿರ್ಬಹುದು ಅಂತ ಎಣಿಸಿದೆ.”

ನಿಜ ಹೇಳಬೇಕೆಂದರೆ ಗೊತ್ತಿತ್ತು. ಬಿ.ಎಸ್ಸಿ.ಯಲ್ಲಿ ಸಂಖ್ಯಾಶಾಸ್ತ್ರದ ಒಂದು ಪೇಪರು ಇತ್ತು, ಒಳ್ಳೆಯ ಅಂಕವೂ ಬಂದಿತ್ತು. ಮಾದರಿಯನ್ನು ಹೇಗೆ ತೆಗೆಯಬೇಕೆಂದು ಎರಡು ಪುಟ ಉತ್ತರ ಬರೆದವಳು ನಾನು. ಆದರೆ ಬ್ರಾಂಚಿನ ಕಟ್ಟೆಯಲ್ಲಿ ಕಲಿತದ್ದು ಪುಸ್ತಕದ್ದಕ್ಕಿಂತ ಆಳಕ್ಕೆ ಇಳಿದಿತ್ತು. ಆ ಪಾಠವನ್ನು ತೆಗೆಯಲು ಇನ್ನೊಂದು ಬೀಡಿಯ ಪಾಠವೇ ಬೇಕಾಯಿತು.

ಮರುದಿನ ಅಟ್ಟದಿಂದ ಉಮ್ಮನ ತಡ್ಪೆ ಇಳಿಸಿ, ಒರೆಸಿ, ಬಸ್ಸಿನಲ್ಲಿ ಹಿಡಿದುಕೊಂಡು ಹೋದೆ. ಕಂಡಕ್ಟರ್ ನೋಡಿ, “ಅಂತೂ ಅಡಿಗೆಗೆ ಇಳಿದಿರಿ” ಅಂದ. ಅಂದಿನಿಂದ ಕ್ಲಬ್ಬಿನಲ್ಲಿ ಯಾವ ಲಾಟೇ ಇರಲಿ, ಮೆತ್ತಗೆ ತಡ್ಪೆಗೆ ಸುರಿದು, ಕೈಯಲ್ಲಿ ಕಲಸಿ, ಗೋಡೆಯ ಕಡೆ ಮುಖ ಮಾಡಿ ತೆಗೆಯುವುದು. ಮಳೆ ಬಂದರೆ ತುಂಬುವುದನ್ನು ನಿಲ್ಲಿಸುವುದು. ತುಂಬಿದ ಪ್ರತಿ ಚಿಪ್ಪಿನೊಳಗೂ ಟಾರ್ಚು ಹಾಕಿ ನೋಡುವುದು. ಲೋಕಯ್ಯಣ್ಣ ವಾಚಿನ ಭೂತಗನ್ನಡಿಯನ್ನು ಮತ್ತೆ ಕಣ್ಣಿಗೆ ಸಿಕ್ಕಿಸಿಕೊಂಡರು.

ಹೇಮಾವತಿ ಅಭ್ಯಾಸಕ್ಕೆ ಬರುತ್ತಿದ್ದಳು, ನಗುತ್ತಿದ್ದಳು. ಆದರೆ ಪ್ರತಿ ಹೊಡೆತಕ್ಕೆ ಮೊದಲು ಅರೆ ಗಳಿಗೆ ನಿಲ್ಲುತ್ತಿದ್ದಳು. ಬೇರೆ ಯಾರಿಗೂ ಕಾಣುತ್ತಿರಲಿಲ್ಲ, ನನಗೆ ಕಾಣುತ್ತಿತ್ತು. ಆ ಅರೆ ಗಳಿಗೆಗೆ ಕಾರಣ ನನ್ನ ಸಹಿ. ಅವಳಿಗೆ ಉಳಿದದ್ದು ಒಂದೇ ಪಂದ್ಯ.

ಮರುವರ್ಷ ಅವಳ ಲಾಟು ತಯಾರಾಯಿತು. ತಡ್ಪೆಗೆ ಸುರಿದು, ಅವಳನ್ನೇ ಕರೆದೆ.

“ಈ ಸಲ ನೀನೇ ತೆಗಿ.”

ಅವಳು ತಡ್ಪೆಯನ್ನು ನೋಡಿದಳು, ನನ್ನನ್ನು ನೋಡಿದಳು. “ನಾನು ತೆಗೆದ್ರೆ ಪಾಸಾಗ್ಲಿ ಅಂತ ಚಂದದ್ದನ್ನೇ ತೆಗೀತೇನೆ. ನಿಮಗೆ ಪಾಸಾಗ್ಬೇಕು ಅಂತ ಇಲ್ಲ. ನೀವೇ ತೆಗೀರಿ.”

ತೆಗೆದೆ. ಹದಿನೆಂಟು ಸರಿ, ಎರಡರ ವೇಗ ಸ್ವಲ್ಪ ಇಳಿದಿತ್ತು. ಅಪಾಯ ಏನಿಲ್ಲ, ಬೇರೆ ಯಾರಾದರೂ ಆದರೆ ಬಿಡುತ್ತಿದ್ದರು. ಪಂದ್ಯಕ್ಕೆ ಇದ್ದದ್ದು ಐದು ದಿನ. ನಾನು ‘ಬೇಡ’ ಎಂದು ಬರೆದೆ.

ಲೋಕಯ್ಯಣ್ಣ ಪುಸ್ತಕ ನೋಡಿ, “ಚಿಟ್ಟೆ ಗಿಟ್ಟೆ ಏನಾದ್ರು ಬಂತಾ ನೋಡಿದಿರಾ?” ಅಂದರು.

“ನೋಡಿದೆ. ಚಿಟ್ಟೆ ಇಲ್ಲ.”

“ಹಾಗಾದ್ರೆ ಪುನಃ ತುಂಬುವ” ಎಂದು ಭೂತಗನ್ನಡಿ ಹಾಕಿಕೊಂಡರು. ಹೇಮಾವತಿ ಸಿಟ್ಟಾಗುತ್ತಾಳೆ ಎಂದುಕೊಂಡಿದ್ದೆ. ಅವಳು ಬೆಂಚಿನ ಮೇಲೆ ಕೂತು, ಊಟದ ಬುತ್ತಿ ಬಿಚ್ಚಿ, “ಅವಸರ ಇಲ್ಲ” ಅಂದಳು. ಅವಳು ಅಷ್ಟು ಆರಾಮವಾಗಿ ಕೂತದ್ದನ್ನು ಒಂದು ವರ್ಷದಿಂದ ನಾನು ನೋಡಿರಲಿಲ್ಲ. ಎರಡನೇ ಲಾಟು ಪಾಸಾಯಿತು. ಅಭ್ಯಾಸಕ್ಕೆಂದು ಅದರಿಂದ ಹತ್ತು ಹೊಡೆದಳು. ಅರೆ ಗಳಿಗೆಯ ನಿಲುಗಡೆ ಇರಲಿಲ್ಲ.

ಪಂದ್ಯ ಮುಗಿದ ಸಂಜೆ ನನ್ನ ಫೋನು ಹೊಡೆದುಕೊಂಡಿತು. ಎತ್ತಿದರೆ ಮಾತಿಲ್ಲ, ಬರೀ ಸೀಟಿಯ ಶಬ್ದ. ತಂಡಕ್ಕೆ ಆಯ್ಕೆಯಾದ ಮೂವರಲ್ಲಿ ಅವಳು ಮೂರನೆಯವಳು. ಉಮ್ಮ ಒಳಗಿನಿಂದ, “ಅದು ಎಂತ, ಬಸ್ಸು ಹೊರಟಿತಾ?” ಎಂದು ಕೇಳಿದರು.

ಕೆಲಸಕ್ಕೆ ಹೊಸದಾಗಿ ಬರುವವರಿಗೆ ನಾನು ಹೇಳುವುದು ಜಾಸ್ತಿ ಇಲ್ಲ. ಈಗ ಯಂತ್ರಗಳು ಚೆನ್ನಾಗಿವೆ, ಚಿಟ್ಟೆಗೂ ಗುಂಡಿಗೂ ವ್ಯತ್ಯಾಸ ಅವುಗಳಿಗೇ ಗೊತ್ತಾಗುತ್ತದೆ. ಆದರೆ ಯಾವುದನ್ನು ಪರೀಕ್ಷೆಗೆ ತೆಗೆಯುವುದು ಎಂಬಲ್ಲಿ ಇನ್ನೂ ಮನುಷ್ಯನ ಕೈ ಉಂಟು, ಆ ಕೈಗೆ ಹಳೇ ಅಭ್ಯಾಸಗಳು ಇರುತ್ತವೆ. ನಿಮಗೆ ತುಂಬ ಹೆಮ್ಮೆ ಇರುವ ಅಭ್ಯಾಸ ಯಾವುದೋ, ಮೊದಲು ಅದನ್ನೇ ಅನುಮಾನಿಸಿ. ತಡ್ಪೆ ಕ್ಲಬ್ಬಿನಲ್ಲೇ ಇದೆ. ಅಂಚು ಬಿಚ್ಚಿದರೆ ಕಟ್ಟಿಸಿ, ಬಿಸಾಡಬೇಡಿ.

ಒಂದು ಮಾತು ಉಳಿಯಿತು. ಪಂದ್ಯದಿಂದ ಬಂದ ಮರುದಿನ ಹೇಮಾವತಿ ಖಾಲಿ ಚಿಪ್ಪುಗಳನ್ನೆಲ್ಲ ತಂದು ತಡ್ಪೆಗೆ ಸುರಿದಳು. ಆಮೇಲೆ ಬ್ಯಾಗಿನಿಂದ ಒಂದು ಸಣ್ಣ ಡಬ್ಬಿ ತೆಗೆದು, ಅದರೊಳಗಿದ್ದ ಒಂದೇ ಒಂದು ತೋಟೆಯನ್ನು ನನ್ನ ಮುಂದೆ ಇಟ್ಟಳು. ಹಿತ್ತಾಳೆ ಮಾಸಿತ್ತು. ಹೋದ ವರ್ಷ ಟುಸ್ ಆದ ಮೇಲೆ ಹೊಡೆಯದೆ ಉಳಿಸಿಕೊಂಡದ್ದು.

“ಈಗ ಬಿಚ್ಚಿ. ಇಷ್ಟು ದಿನ ಗೊತ್ತಾಗುದು ಬೇಡ ಅಂತ ಇತ್ತು. ಗೊತ್ತಾಗಿದ್ರೆ ಕೈ ನಡುಗ್ತಿತ್ತು.”

ಬಿಚ್ಚಿದೆ. ಮದ್ದನ್ನು ತಕ್ಕಡಿಗೆ ಹಾಕಿದೆ. ಲೋಕಯ್ಯಣ್ಣನೂ ಬಂದರು, ಮೂವರೂ ಬಗ್ಗಿ ನೋಡಿದೆವು. ತಕ್ಕಡಿ ಅಲುಗಾಡಿ, ನಾವು ಒಳ್ಳೆಯ ತೋಟೆಗೆ ಹಾಕುವ ಅಳತೆಯಲ್ಲೇ ಬಂದು ನಿಂತಿತು. ಕಡಿಮೆ ಇಲ್ಲ. ಅದನ್ನು ಹೊಡೆದಿದ್ದರೆ ಪೂರ್ತಿ ಬಲದಲ್ಲಿ ಹೋಗಿ, ನಳಿಗೆಯಲ್ಲಿ ಸಿಕ್ಕಿಕೊಂಡಿದ್ದ ಗುಂಡಿಗೆ ಬಡಿಯುತ್ತಿತ್ತು.

ಹೇಮಾವತಿ ತನ್ನ ಬಲಗೈಯನ್ನು ಮುಂದೆ ಚಾಚಿ, ಬೆರಳುಗಳನ್ನು ಒಮ್ಮೆ ಮಡಚಿ ಬಿಡಿಸಿ ನೋಡಿದಳು.

“ಹಾಗಾದ್ರೆ ನಾನು ಹೋದ ವರ್ಷವೇ ಗೆದ್ದಿದ್ದೆ” ಅಂದಳು.

ಲೋಕಯ್ಯಣ್ಣ ಚಾ ಇಡಲು ಹೋದರು. ನಾನು ರಿಜಿಸ್ಟರು ತೆಗೆದು, ಒಂದು ವರ್ಷದಿಂದ ಖಾಲಿ ಬಿಟ್ಟಿದ್ದ ಜಾಗದಲ್ಲಿ ‘ಮದ್ದು ಪೂರ್ತಿ. ಹಾರಿಸಲಿಲ್ಲ’ ಎಂದು ಬರೆದೆ. ಸಹಿ ಹಾಕಲು ಹೊರಟಾಗ ಅವಳು, “ಇದನ್ನು ಬೇಡ ಅಂದದ್ದು ನಾನು” ಎಂದು ನನ್ನ ಕೈಯಿಂದ ಪೆನ್ನು ತೆಗೆದುಕೊಂಡಳು. ‘ಪರೀಕ್ಷಿಸಿದವರು’ ಎಂಬಲ್ಲಿ ತನ್ನ ಹೆಸರು ಬರೆದು, ಕೆಳಗೆ ಒಂದು ಗೆರೆ ಎಳೆದಳು.